ಕಾಡುಕುರಿ ಕುರಿಯಲ್ಲ, ನೀಲಗಿರಿ ಐಬೆಕ್ಸ್ ಐಬೆಕ್ಸೇ ಅಲ್ಲ

ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಎರಡು ಸಂಚಿಕೆ ಹಿಂದೆ ಮೇಕೆಯ ಗೊರಸು ಕತ್ತರಿಸುವುದರ ಬಗ್ಗೆ ಬರೆದಿದ್ದೆ. ಆಗ ಮಾತಿಗೆ ಮಾತು ಅಂತ, ಹಿಮಾಚಲದ ಸ್ಪಿತಿಯ ಪಿನ್ ಕಣಿವೆಯಲ್ಲಿ ಕಂಡ ಐಬೆಕ್ಸ್ ಎಂಬ ಬೆಟ್ಟದ ಕಾಡುಮೇಕೆಯ ವಿಷಯ ಸುಮ್ನೆ ಎತ್ತಿದ್ದೆ. ಗೊರಸಿನ ಬಗ್ಗೆ ಒಬ್ಬರೂ ಕೇಳಲಿಲ್ಲ. ಬಂದ ಪತ್ರಗಳೆಲ್ಲ ಐಬೆಕ್ಸ್ ಮತ್ತು ಅದರ ಬೇಟೆಯ ಮೇಲೆ. ಶಿಕಾರಿ ಅಂದರೆ ನಮ್ಮ ಹಾಸನ, ಚಿಕ್ಕಮಗಳೂರಿನವರ ಕಿವಿ ನೆಟ್ಟಗಾಗುತ್ತದೆ. ನನ್ನದೂ ಅಷ್ಟೇ. ಅದಕ್ಕೇ ಈ ತಿಂಗಳ ಜಾಗ ಪೂರ್ತಿ ಅದಕ್ಕೆ. ಎಮ್ಮೆ ಗಬ್ಬ ನಿಲ್ಲುತ್ತಿಲ್ಲ ಎಂದು ಬರೆದವರು ಒಂದು ತಿಂಗಳು ತಡೆದುಕೊಳ್ಳಿ. ಎಮ್ಮೆ ತಡೆದುಕೊಳ್ಳದಿದ್ದರೆ ಊರಿನ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನಮ್ಮಜ್ಜ ಕಾಡುಕುರಿ ಶಿಕಾರಿಯ ಕಥೆ ಹೇಳುತ್ತಿದ್ದರು. ಐಬೆಕ್ಸ್ ಅಂದರೆ ಅದರ ಜಾತಿಯೇನಾ? ನಮ್ಮ ಬಾಬಾಬುಡನ್‌ಗಿರಿಯಲ್ಲೂ ಇದೆಯಾ?
(ಮೂಡಿಗೆರೆಯ ಓದುಗರು)

ಎರಡಕ್ಕೂ ಇಲ್ಲ ಅನ್ನಬೇಕು. ಕಾಡುಕುರಿ ಹೆಸರಿಗೆ ಮಾತ್ರ ಕುರಿ. ಅದು ಜಿಂಕೆ ಜಾತಿಯದು. ರಾತ್ರಿ ತೋಟದಂಚಿನಲ್ಲಿ ನಾಯಿಯ ಹಾಗೆ ಬೊಗಳುತ್ತದಲ್ಲ, ಅದೇ ಪ್ರಾಣಿ. ಗಂಡಿಗೆ ಮೇಲಿನ ತುಟಿಯ ಕೆಳಗೆ ಸಣ್ಣ ಕೋರೆಹಲ್ಲು ಇಣುಕುತ್ತದೆ. ಅದರ ಕೊಂಬು ಉದುರಿ ಮತ್ತೆ ಬರುತ್ತದೆ. ಕಡವೆಯದೂ ಹಾಗೇ. ಆದರೆ ಕುರಿ, ಮೇಕೆ, ದನ, ಕಾಟಿ, ಐಬೆಕ್ಸ್ ಇವುಗಳ ಕೊಂಬು ಸಾಯುವ ತನಕ ಉದುರುವುದಿಲ್ಲ. ಒಳಗೆ ಮೂಳೆ, ಮೇಲೆ ನಮ್ಮ ಉಗುರಿನಂಥದೇ ವಸ್ತುವಿನ ದಪ್ಪ ಚಿಪ್ಪು. ಕೊಂಬು ನೋಡಿದರೆ ಸಾಕು, ಪ್ರಾಣಿ ಯಾವ ಮನೆತನದ್ದು ಅಂತ ಅರ್ಧ ಗೊತ್ತಾದ ಹಾಗೆ.

ನಿಮ್ಮಜ್ಜನ ಬೇಟೆಗೂ ಐಬೆಕ್ಸ್ ಬೇಟೆಗೂ ಹೋಲಿಕೆಯೇ ಇಲ್ಲ. ನಮ್ಮಲ್ಲಿ ಹಳು, ಅಂದರೆ ಪೊದೆಕಾಡು, ನುಗ್ಗುವವರು ಒಂದು ಕಡೆ, ಕೋವಿ ಹಿಡಿದು ಬಿಲ್ಲಿಗೆ (ಕಾಯುವ ಜಾಗಕ್ಕೆ) ಕೂತವರು ಇನ್ನೊಂದು ಕಡೆ. ಪ್ರಾಣಿ ಮೂವತ್ತು ಅಡಿ ದೂರದಲ್ಲಿ ಎದ್ದು ಬಂದರೂ ಲಂಟಾನದ ಮರೆಯಲ್ಲಿ ಕಾಣದೇ ಹೋಗಬಹುದು. ಐಬೆಕ್ಸ್ ಇರುವ ಕಡೆ ಹಳುವೇ ಇಲ್ಲ. ಬೋಳು ಬಂಡೆ, ಜಲ್ಲಿ, ಗಾಳಿ. ಎಲ್ಲವೂ ಕಾಣುತ್ತದೆ, ಆದರೆ ಅದು ನಮಗಿಂತ ಮೊದಲು ನಮ್ಮನ್ನು ನೋಡಿರುತ್ತದೆ.

ಭಾರತದಲ್ಲಿ ಐಬೆಕ್ಸ್ ಇರುವುದು ಲಡಾಖ್, ಕಾಶ್ಮೀರ ಮತ್ತು ಹಿಮಾಚಲದಲ್ಲಿ. ಸಟ್ಲೆಜ್ ನದಿ ದಾಟಿ ಪೂರ್ವಕ್ಕೆ ಸಿಗುವುದಿಲ್ಲ. ಲಡಾಖಿನವರು ಗಂಡನ್ನು ಸ್ಕಿನ್ ಅನ್ನುತ್ತಾರೆ, ಹಿಮಾಚಲದಲ್ಲಿ ಟಂಗ್ರೋಲ್. ಪಿನ್ ಕಣಿವೆಯ ಮುದ್ ಎಂಬ ಹಳ್ಳಿಯ ಮೇಲೆ ನಾನು ಅದನ್ನು ನೋಡಿದ್ದು. ಮುಳ್ಳಯ್ಯನಗಿರಿಯ ಹೆಚ್ಚುಕಡಿಮೆ ಎರಡರಷ್ಟು ಎತ್ತರ ಆ ಜಾಗ. ನಾಲ್ಕು ಹೆಜ್ಜೆ ಹಾಕಿದರೆ ಎದೆ ಡಬಡಬ ಅನ್ನುತ್ತಿತ್ತು. ಕರೆದುಕೊಂಡು ಹೋದ ಹುಡುಗ ದುರ್ಬೀನನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ, ನೋಡಿ ಸಾರ್ ಅಂದ. ಏಳು ಗಂಡುಗಳು ಕಡಿದಾದ ಬಂಡೆಯ ಮೇಲೆ ಬಿಸಿಲಿಗೆ ಮಲಗಿದ್ದವು. ಒಂದು ಮಾತ್ರ ಎದ್ದು ನಿಂತು, ಕತ್ತು ಹಿಂದಕ್ಕೆ ಬಾಗಿಸಿ, ಆ ಕತ್ತಿಯಂಥ ಕೊಂಬಿನ ತುದಿಯಿಂದ ತನ್ನ ಸೊಂಟ ಕೆರೆದುಕೊಳ್ಳುತ್ತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಮೂವತ್ತು ವರ್ಷ ಮೇಕೆಗಳ ಜೊತೆ ಕಳೆದವನಿಗೆ ಆ ಮುಖ ಹೊಸದಲ್ಲ. ಅರಸೀಕೆರೆ ಸಂತೆಯಲ್ಲಿ ಗೂಟಕ್ಕೆ ಮೈ ಉಜ್ಜುವ ಹೋತದ್ದೂ ಅದೇ ಮುಖ.

ಪ್ರಶ್ನೆ: ನನ್ನ ಅಳಿಯ ಕೆಲಸದ ಮೇಲೆ ಸ್ಪೇನಿನಲ್ಲಿದ್ದಾನೆ. ಅಲ್ಲಿ ಐಬೆಕ್ಸ್ ಬೇಟೆಗೆ ಲೈಸೆನ್ಸ್ ಕೊಡುತ್ತಾರಂತೆ. ನಾಲ್ಕು ತಳಿ ಇವೆ, ನಾಲ್ಕನ್ನೂ ಹೊಡೆದವನೇ ಗಂಡು ಅಂತ ಅಲ್ಲಿಯ ಬೇಟೆಗಾರರು ಹೇಳುತ್ತಾರಂತೆ. ನಿಜವಾಗಿ ನಾಲ್ಕು ಇವೆಯಾ?
(ಕಾಫಿ ಬೆಳೆಗಾರರು, ಸಕಲೇಶಪುರ)

ಯಾರನ್ನು ಕೇಳುತ್ತೀರಿ ಅನ್ನುವುದರ ಮೇಲಿದೆ.

ಬೇಟೆಗಾರರ ಲೆಕ್ಕದಲ್ಲಿ ನಾಲ್ಕು. ಮ್ಯಾಡ್ರಿಡ್‌ನ ಪಶ್ಚಿಮಕ್ಕಿರುವ ಗ್ರೆಡೋಸ್ ಬೆಟ್ಟದ್ದು, ಈಶಾನ್ಯದ ಬೆಸೇಟೆಯದು, ಸಿಯೆರಾ ನೆವಾಡಾ ಕಡೆಯ ಆಗ್ನೇಯದ್ದು, ದಕ್ಷಿಣ ತುದಿಯ ರೋಂಡಾದ್ದು. ಗ್ರೆಡೋಸ್‌ನದಕ್ಕೆ ಮೈಮೇಲೆ ಕಪ್ಪು ಜಾಸ್ತಿ. ರೋಂಡಾದ್ದು ನಾಲ್ಕರಲ್ಲಿ ಚಿಕ್ಕದು. ನಾಲ್ಕನ್ನೂ ಹೊಡೆದರೆ ಅದಕ್ಕೆ ಸ್ಲ್ಯಾಮ್ ಅನ್ನುತ್ತಾರೆ, ದಾಖಲೆ ಪುಸ್ತಕದಲ್ಲಿ ಹೆಸರು ಬರುತ್ತದೆ.

ವಿಜ್ಞಾನಿಗಳ ಲೆಕ್ಕ ಬೇರೆ. 1911ರಲ್ಲಿ ಆಂಖೆಲ್ ಕಾಬ್ರೇರಾ ಎಂಬ ಪ್ರಾಣಿಶಾಸ್ತ್ರಜ್ಞ ಸ್ಪೇನ್ ಮತ್ತು ಪೋರ್ಚುಗಲ್‌ನ ಐಬೆಕ್ಸನ್ನು ನಾಲ್ಕು ಉಪಜಾತಿಗಳಾಗಿ ವಿಂಗಡಿಸಿದ. ಅದೂ ನಾಲ್ಕೇ, ಆದರೆ ಬೇಟೆಗಾರರ ನಾಲ್ಕಲ್ಲ! ಕಾಬ್ರೇರಾನ ನಾಲ್ಕರಲ್ಲಿ ಎರಡು ಈಗ ಇಲ್ಲವೇ ಇಲ್ಲ. ಪೋರ್ಚುಗಲ್‌ನದು 19ನೇ ಶತಮಾನದ ಕೊನೆಗೆ ಮುಗಿಯಿತು, ಪಿರನೀಸ್ ಬೆಟ್ಟದ್ದು 2000ದಲ್ಲಿ. ಉಳಿದವು ಎರಡು. ಒಂದು ಗ್ರೆಡೋಸ್‌ನದು. ಬೆಸೇಟೆ, ಆಗ್ನೇಯ, ರೋಂಡಾ ಮೂರೂ ಸೇರಿ ಇನ್ನೊಂದು. ಈಗಿನ ಡಿಎನ್‌ಎ ಪರೀಕ್ಷೆಯವರು ಆ ಎರಡನ್ನು ಬೇರೆ ಮಾಡುವ ಗೆರೆಯೂ ಗಟ್ಟಿಯಿಲ್ಲ ಅನ್ನುತ್ತಾರೆ.

ನೀವು ಕಾಫಿಯವರು, ನಿಮಗೆ ಬೇಗ ಅರ್ಥವಾಗುತ್ತದೆ. ಚಿಕ್ಕಮಗಳೂರು ಅರೇಬಿಕಾಕ್ಕೆ ಒಂದು ಜಿಐ ಟ್ಯಾಗ್ (ಬೆಳೆದ ಊರಿನ ಹೆಸರಿನ ಗುರುತು), ಬಾಬಾಬುಡನ್‌ಗಿರಿ ಅರೇಬಿಕಾಕ್ಕೆ ಇನ್ನೊಂದು, ಎರಡೂ ಬಂದದ್ದು 2019ರಲ್ಲಿ. ಗಿಡದ ಜಾತಿ ಎರಡೇನೂ ಅಲ್ಲ. ಎತ್ತರ, ಮಣ್ಣು, ಮಳೆ, ನೆರಳು ಬೇರೆ, ಅದಕ್ಕೆ ರುಚಿಯೂ ಬೇರೆ. ಚೀಲದ ಮೇಲೆ ಹೆಸರು ಬಿದ್ದರೆ ರೇಟೂ ಬೇರೆಯಾಗಲಿ ಅನ್ನುವುದು ಬೆಳೆಗಾರರ ಆಸೆ. ಐಬೆಕ್ಸ್‌ನ ಕಥೆಯೂ ಇಷ್ಟೇ. ಸುಣ್ಣಕಲ್ಲಿನ ಬೆಟ್ಟದ್ದು ಒಂದು ಅಳತೆ, ಗ್ರಾನೈಟ್ ಬೆಟ್ಟದ್ದು ಒಂದು ಅಳತೆ. ಕಣ್ಣಿಗೆ ವ್ಯತ್ಯಾಸ ಕಾಣುತ್ತದೆ, ಅದು ಸುಳ್ಳಲ್ಲ. ಆದರೆ ನಾಲ್ಕು ಹೆಸರಿದ್ದರೆ ಬೇಟೆಗಾರ ನಾಲ್ಕು ಸಲ ಬರುತ್ತಾನೆ, ನಾಲ್ಕು ಸಲ ದುಡ್ಡು ಕೊಡುತ್ತಾನೆ.

ಏಷ್ಯಾದ ಐಬೆಕ್ಸ್‌ಗೂ ಹೀಗೇ ಅಲ್ಟಾಯ್, ಗೋಬಿ, ಮಧ್ಯ ಏಷ್ಯಾ, ಹಿಮಾಲಯ ಅಂತ ಹೆಸರಿಟ್ಟಿದ್ದಾರೆ. ಐಬೆಕ್ಸ್‌ಗಳಲ್ಲೆಲ್ಲ ಉದ್ದ ಕೊಂಬು ಈ ಏಷ್ಯಾದವಕ್ಕೇ, ನಾಲ್ಕು ಅಡಿ ದಾಟಿದ್ದೂ ಉಂಟು. ಇದಲ್ಲದೆ ಆಲ್ಪ್ಸ್‌ನದು ಒಂದು, ಇಸ್ರೇಲ್, ಈಜಿಪ್ಟ್, ಅರೇಬಿಯಾ ಕಡೆಯ ಮರುಭೂಮಿಯ ನೂಬಿಯನ್ ಒಂದು, ಇಥಿಯೋಪಿಯಾದ ಸಿಮಿಯನ್ ಬೆಟ್ಟದಲ್ಲಿ ಮಾತ್ರ ಉಳಿದ ವಾಲಿಯಾ ಒಂದು. ಈ ಕೊನೆಯ ಮೂರನ್ನು ಬೇರೆ ಬೇರೆ ಜಾತಿ ಅಂತಲೇ ಹೇಳುತ್ತಾರೆ.

ನಿಮ್ಮ ಅಳಿಯ ಬೇಟೆಗೆ ಹೋದರೆ ಏನಾಗುತ್ತದೆ ಅಂದರೆ, ಕೋವಿಗಿಂತ ದುರ್ಬೀನಿಗೇ ಕೆಲಸ ಜಾಸ್ತಿ. ಜೊತೆಗೆ ಅಲ್ಲಿಯ ಗಾರ್ಡ್ ಇರುತ್ತಾನೆ. ಯಾವುದನ್ನು ಹೊಡೆಯಬೇಕು ಅಂತ ತೋರಿಸುವವನು ಅವನೇ. ಹೆಣ್ಣು ಗಂಡು ಸೇರುವ ನವೆಂಬರ್, ಡಿಸೆಂಬರ್‌ನಲ್ಲಿ ದೊಡ್ಡ ಗಂಡುಗಳು ಮಂದೆಗೆ ಬರುತ್ತವೆ. ಆಗ ಕೊಂಬಿನ ಮೇಲಿನ ವರ್ಷದ ಉಂಗುರ ಎಣಿಸಿ ವಯಸ್ಸು ಹೇಳುತ್ತಾರೆ. ಮುಂಭಾಗದಲ್ಲಿ ಎದ್ದು ಕಾಣುವ ಗಂಟುಗಳನ್ನು ಎಣಿಸಿದರೆ ತಪ್ಪುತ್ತದೆ. ಚಳಿಗಾಲದಲ್ಲಿ ಬೆಳವಣಿಗೆ ನಿಂತಾಗ ಬೀಳುವ ಸಣ್ಣ ಗೆರೆ ಕೊಂಬಿನ ಪಕ್ಕಕ್ಕೆ, ಹಿಂದಕ್ಕೆ ಇರುತ್ತದೆ, ಅದನ್ನು ನೋಡಬೇಕು. ಇನ್ನೂರು, ಮುನ್ನೂರು ಮೀಟರಿನಿಂದ ಗುಂಡು ಹಾರಿಸುವುದು ಮಾಮೂಲಿ. ಹೊಡೆದ ಮೇಲೆ ಟೇಪು ಹಿಡಿದು ಕೊಂಬು ಅಳೆದು ಅಂಕ ಹಾಕುತ್ತಾರೆ. ಎಷ್ಟೋ ಕಡೆ ಅಂಕ ಏರಿದ ಹಾಗೆ ಬಿಲ್ಲೂ ಏರುತ್ತದೆ. ನಮ್ಮಪ್ಪನ ಕೇಪಿನ ಕೋವಿಯ ಕಾಲದಲ್ಲಿ ಹೊಡೆದ ಮೇಲೆ ಮಾಂಸ ಪಾಲು ಮಾಡುವಾಗ ಜಗಳ ಆಗುತ್ತಿತ್ತು. ಇಲ್ಲಿ ಟೇಪಿನ ಹತ್ತಿರ ಆಗುತ್ತದೇನೋ.

ಪ್ರಶ್ನೆ: ನಮ್ಮ ತೋಟದ ಹಳೇ ಬಂಗಲೆಯ ಗೋಡೆಯಲ್ಲಿ ಒಂದು ಜೊತೆ ಕೊಂಬಿದೆ. ಹಿಂದಿದ್ದ ದೊರೆ ಹೊಡೆದ ಐಬೆಕ್ಸ್ ಅಂತ ಮನೆಯಲ್ಲಿ ಹೇಳುತ್ತಾರೆ. ನಿಮ್ಮ ಲೇಖನ ಓದಿ ಅನುಮಾನ ಬಂತು. ಬಂದು ನೋಡುತ್ತೀರಾ?
(ಚಿಕ್ಕಮಗಳೂರು ತಾಲ್ಲೂಕಿನ ಓದುಗರು)

ಬಂದು ನೋಡಿದೆನಲ್ಲ, ಕಾಫಿ ಚೆನ್ನಾಗಿತ್ತು. ಬೇರೆಯವರಿಗೂ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ಊಟದ ಕೋಣೆಯ ಬಾಗಿಲ ಮೇಲೆ, ಎರಡು ಕಡವೆ ಕೊಂಬಿನ ನಡುವೆ ಅದು ಇತ್ತು. ಹಲಗೆಗೆ ಹೊಡೆದ ಮೊಳೆ ತುಕ್ಕು ಹಿಡಿದು, ಕೆಳಗಿನ ಗೋಡೆಗೆ ಕಂದು ಗೀರು ಇಳಿದಿತ್ತು. ಮನೆಯ ಹುಡುಗ ಏಣಿ ಹತ್ತಿ ಇಳಿಸಿದ. ಒದ್ದೆ ಬಟ್ಟೆಯಿಂದ ಒರೆಸಿದರೆ ಎಪ್ಪತ್ತು, ಎಂಬತ್ತು ವರ್ಷದ ಒಲೆಯ ಮಸಿ ಬಂತು. ಟೇಪು ಹಿಡಿದೆವು. ಒಂದೊಂದೂ ಹದಿನಾಲ್ಕು ಇಂಚು. ಬುಡದಲ್ಲಿ ಎರಡೂ ಒಂದಕ್ಕೊಂದು ತಾಗುವಷ್ಟು ಹತ್ತಿರ. ಒಳಗಿನ ಮೈ ಚಪ್ಪಟೆ, ಹೊರಗಿನದು ಗುಂಡು. ಹಿಂದಕ್ಕೆ ಒಂದೇ ಸಮ ಬಾಗಿದೆ. ಮುಂದೆ ಒಂದೂ ಗಂಟಿಲ್ಲ.

ಐಬೆಕ್ಸ್ ಕೊಂಬಿಗೆ ಮುಂಭಾಗ ಅಗಲವಾಗಿ, ಅದರ ಮೇಲೆ ಅಡ್ಡಡ್ಡ ಗಂಟು ಇರಬೇಕು. ಇದು ನೀಲಗಿರಿ ತಾರ್, ತಮಿಳಿನಲ್ಲಿ ವರೈಯಾಡು, ಅಂದರೆ ಕಡಿದಾದ ಬೆಟ್ಟದ ಆಡು. ತಮಿಳುನಾಡಿನ ರಾಜ್ಯಪ್ರಾಣಿ. ಬ್ರಿಟಿಷ್ ಶಿಕಾರಿಗಳು ಊಟಿ, ಆನೆಮಲೆ ಕಡೆ ಇದನ್ನು ಹೊಡೆದು ನೀಲಗಿರಿ ಐಬೆಕ್ಸ್ ಅಂತ ಕರೆದರು. ಊರಲ್ಲಿ ಓದಿದ ಐಬೆಕ್ಸ್ ಹೆಸರು ಅವರ ನಾಲಿಗೆಯ ಮೇಲಿತ್ತು, ಇಲ್ಲಿ ಬಂಡೆಯ ಮೇಲೆ ಕೊಂಬಿರುವ ಪ್ರಾಣಿ ಕಂಡಿತು, ಅಂಟಿಸಿಬಿಟ್ಟರು. ಮಜಾ ಅಂದರೆ, ಡಿಎನ್‌ಎ ನೋಡಿದರೆ ಅದು ಮೇಕೆಗಿಂತ ಕುರಿಗೆ ಹತ್ತಿರ. ನಾವು ಜಿಂಕೆಯನ್ನು ಕುರಿ ಅಂದೆವು, ಅವರು ಕುರಿಯ ನೆಂಟನನ್ನು ಐಬೆಕ್ಸ್ ಅಂದರು. ಲೆಕ್ಕ ಸಮ ಆಯಿತು. ಪಾಕಿಸ್ತಾನದ ಸಿಂಧ್ ಐಬೆಕ್ಸ್‌ನದೂ ಇದೇ ಪಾಡು. ಅದು ನಮ್ಮ ಸಾಕುಮೇಕೆಯ ಮೂಲವಾದ ಕಾಡುಮೇಕೆ, ಅದರ ಕೊಂಬಿನ ಮುಂಭಾಗ ಕತ್ತಿಯ ಅಲಗಿನ ಹಾಗೆ ಚೂಪು.

ಕಾಡುಪ್ರಾಣಿಯ ಕೊಂಬು ಮನೆಯಲ್ಲಿಟ್ಟುಕೊಳ್ಳಲು ಮಾಲೀಕತ್ವದ ಪ್ರಮಾಣಪತ್ರ ಬೇಕು. 1972ರ ವನ್ಯಜೀವಿ ಕಾಯ್ದೆ ಬಂದಾಗ ಘೋಷಿಸಿಕೊಳ್ಳಲು ಅವಕಾಶ ಇತ್ತು, 2003ರಲ್ಲಿ ಇನ್ನೊಮ್ಮೆ ಕೊಟ್ಟರು. ಹಿರಿಯರಿಂದ ವಾರಸಾಗಿ ಬರಬಹುದು, ಬಂದವರು 90 ದಿನದಲ್ಲಿ ತಿಳಿಸಬೇಕು. ಮಾರುವ ಹಾಗಿಲ್ಲ. ಐಬೆಕ್ಸೂ ನೀಲಗಿರಿ ತಾರೂ ಎರಡೂ ಕಾಯ್ದೆಯ ಮೊದಲ ಪಟ್ಟಿಯ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ, ಪ್ರಾಣಿಗಳು. ನಿಮ್ಮ ತಂದೆಯವರ ಕಬ್ಬಿಣದ ಪೆಟ್ಟಿಗೆಯಲ್ಲಿ ಪತ್ರ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ವಕೀಲರನ್ನು ಕೇಳಿ ಅರಣ್ಯ ಇಲಾಖೆಗೆ ನೀವೇ ಹೋಗಿ ಹೇಳಿ. 2023ರ ಹುಲಿ ಉಗುರಿನ ಗಲಾಟೆ ನೆನಪಿದೆ ಅಲ್ವಾ? ಇಲಾಖೆಯೇ ಮನೆಗೆ ಬರುವುದಕ್ಕಿಂತ ನಾವು ಹೋಗುವುದು ವಾಸಿ. ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ ಹಾಕುತ್ತೇನೆ ಅಂದನಲ್ಲ ಹುಡುಗ, ಬೇಡ ಅಂತ ಇನ್ನೊಮ್ಮೆ ಹೇಳಿ.

ಪ್ರಶ್ನೆ: ಹಾಗಾದರೆ ತಳಿ, ಉಪಜಾತಿ ಅನ್ನುವುದೆಲ್ಲ ಬರೀ ವ್ಯಾಪಾರವಾ ಸಾರ್?
(ಪದವಿ ವಿದ್ಯಾರ್ಥಿನಿ, ಹಾಸನ)

ಇಲ್ಲಮ್ಮ. ಹೆಸರನ್ನು ಅಂಟಿಸಿದವರು ಮನುಷ್ಯರು, ಆದರೆ ವ್ಯತ್ಯಾಸ ಮೈಯೊಳಗೇ ಇರುತ್ತದೆ. ಆಗಿನ ಚೆಕೊಸ್ಲೊವಾಕಿಯಾದ ಟಾಟ್ರಾ ಬೆಟ್ಟದಲ್ಲಿ ಇದಕ್ಕೆ ಭಾರೀ ಬೆಲೆ ತೆತ್ತರು. ಅಲ್ಲಿಯ ಐಬೆಕ್ಸ್ ಬೇಟೆಯಿಂದ ಮುಗಿದುಹೋಗಿತ್ತು. ಆಸ್ಟ್ರಿಯಾದಿಂದ ಆಲ್ಪ್ಸ್ ಐಬೆಕ್ಸ್ ತಂದು ಬಿಟ್ಟರು, ಚೆನ್ನಾಗಿ ಬೆಳೆದವು. ಅಷ್ಟಕ್ಕೇ ಬಿಡಬೇಕಿತ್ತು. ಇನ್ನಷ್ಟು ಇರಲಿ ಅಂತ ಟರ್ಕಿಯ ಕಾಡುಮೇಕೆ, ಸಿನಾಯಿ ಮರುಭೂಮಿಯ ನೂಬಿಯನ್ ಐಬೆಕ್ಸ್ ತಂದು ಸೇರಿಸಿದರು. ಎಲ್ಲ ಕೂಡಿ ಮರಿ ಹಾಕಿದವು. ಆದರೆ ಬಿಸಿ ದೇಶದ ರಕ್ತ ಬಂದ ಮೇಲೆ ಬೆದೆ ಚಳಿಗಾಲದಿಂದ ಶರತ್ಕಾಲದ ಶುರುವಿಗೆ ಜಾರಿತು. ಮೇಕೆಗೆ ಗಬ್ಬ ಐದು ತಿಂಗಳು, ಐಬೆಕ್ಸ್‌ಗೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಲೆಕ್ಕ ಹಾಕಿ ನೋಡು: ಹುಲ್ಲು ಚಿಗುರುವ ಜೂನ್‌ನಲ್ಲಿ ಹುಟ್ಟಬೇಕಾದ ಮರಿಗಳು ಹಿಮ ಬೀಳುವ ಫೆಬ್ರವರಿಯಲ್ಲಿ ಹುಟ್ಟಿದವು. ಒದ್ದೆ ಮೈಯಲ್ಲೇ ಸತ್ತವು. ಇಡೀ ಮಂದೆ ಮುಗಿಯಿತು. ಅಲ್ಲಿ ಒಂದು ಗುಂಡೂ ಖರ್ಚಾಗಲಿಲ್ಲ.

ಮೇಲೆ ಹೇಳಿದ ಪಿರನೀಸ್ ಐಬೆಕ್ಸ್‌ನ ಕೊನೆಯದು ಒಂದು ಹೆಣ್ಣು. 2000ದ ಜನವರಿಯಲ್ಲಿ ಮರ ಬಿದ್ದು ಸತ್ತಿತು. ಅದರ ಚರ್ಮದ ಜೀವಕೋಶವನ್ನು ಮೊದಲೇ ತೆಗೆದಿಟ್ಟಿದ್ದರು. 2003ರ ಜುಲೈನಲ್ಲಿ ಬಾಡಿಗೆ ತಾಯಿಯ ಹೊಟ್ಟೆಯಿಂದ ತದ್ರೂಪಿ ಮರಿಯನ್ನು ಹೊರತೆಗೆದರು. ಶ್ವಾಸಕೋಶ ಸರಿಯಿರಲಿಲ್ಲ, ಕೆಲವೇ ನಿಮಿಷ ಬದುಕಿತು. ಉಸಿರಾಡದ ಮರಿ ಕೈಗೆ ಬಂದರೆ ನಾವು ಹಿಂಗಾಲು ಹಿಡಿದು ತಲೆಕೆಳಗು ಮಾಡುತ್ತೇವೆ, ಮೂಗಿನ ಲೋಳೆ ತೆಗೆಯುತ್ತೇವೆ, ಹುಲ್ಲುಕಡ್ಡಿಯಿಂದ ಮೂಗು ಕೆಣಕುತ್ತೇವೆ, ಗೋಣಿಚೀಲದಿಂದ ಎದೆ ಉಜ್ಜುತ್ತೇವೆ. ಅವರೂ ಇದನ್ನೆಲ್ಲ ಮಾಡಿಯೇ ಇರುತ್ತಾರೆ, ಅಂದುಕೊಂಡೆ ಓದುವಾಗ.

ಪ್ರಶ್ನೆ: ನಮ್ಮ ಮೇಕೆಗಳಿಗೆ ಕಜ್ಜಿ ಹತ್ತಿದೆ. ಹೊಂಗೆ ಎಣ್ಣೆ, ಗಂಧಕ ಹಚ್ಚಿದೆವು, ಬಿಟ್ಟು ಬಿಟ್ಟು ಬರುತ್ತಿದೆ. ಸುಣ್ಣದ ಗೋಡೆಯನ್ನೂ ನೆಕ್ಕುತ್ತವೆ.
(ಅರಸೀಕೆರೆ ತಾಲ್ಲೂಕು)

ಅಬ್ಬಾ, ಕೊಟ್ಟಿಗೆಯ ಪ್ರಶ್ನೆ ಒಂದಾದರೂ ಬಂತು! ಕಜ್ಜಿಯ ಹುಳು ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆಯಿಡುತ್ತದೆ. ಮೇಲೆ ಹಚ್ಚಿದ್ದು ಪೂರ್ತಿ ತಲುಪುವುದಿಲ್ಲ. ಡಾಕ್ಟರ ಹತ್ತಿರ ಐವರ್ಮೆಕ್ಟಿನ್ ಚುಚ್ಚುಮದ್ದು ಹಾಕಿಸಿ, ಅವರು ಹೇಳಿದ ದಿನಕ್ಕೆ ಎರಡನೆಯದೂ ಹಾಕಿಸಿ. ಒಂದಕ್ಕೆ ಬಂದರೂ ಇಡೀ ಮಂದೆಗೆ ಹಾಕಿಸಬೇಕು. ಗಬ್ಬದ ಮೇಕೆ ಇದ್ದರೆ ಮೊದಲೇ ಹೇಳಿ.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸ್ಪೇನಿನ ಕಾಸೋರ್ಲಾ ಬೆಟ್ಟದಲ್ಲಿ ಇದೇ ಹುಳು 1987ರಲ್ಲಿ ಐಬೆಕ್ಸ್‌ಗೆ ಹತ್ತಿತು, ನೂರಕ್ಕೆ ತೊಂಬತ್ತೈದಕ್ಕೂ ಜಾಸ್ತಿ ಸತ್ತವು. ಸಾಕುಮೇಕೆಗಳಿಂದ ದಾಟಿದ್ದು ಅಂತ ಹೇಳುತ್ತಾರೆ. ಬೇಟೆಗಾರರನ್ನು ಬೈಯುವವರು ಈ ಹುಳುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಗೋಡೆ ನೆಕ್ಕುವುದು ಉಪ್ಪು, ಖನಿಜದ ಆಸೆಗೆ. ಖನಿಜ ಮಿಶ್ರಣದ ಇಟ್ಟಿಗೆ ಕಟ್ಟಿ. ಇಟಲಿಯ ಚಿಂಜಿನೊ ಅಣೆಕಟ್ಟಿನ ನೆಟ್ಟಗಿನ ಗೋಡೆಯನ್ನು ಐಬೆಕ್ಸ್‌ಗಳು ಇದೇ ಆಸೆಗೆ ಹತ್ತುತ್ತವೆ, ಮರಿಗಳ ಸಮೇತ. ಗೊರಸಿನ ಅಂಚು ಗಟ್ಟಿ, ನಡುವೆ ರಬ್ಬರಿನಂಥ ಮೆತ್ತೆ, ಅದಕ್ಕೇ ಜಾರುವುದಿಲ್ಲ. (ಗೊರಸಿನ ವಿಷಯ ಹೇಗೋ ತಂದೇಬಿಟ್ಟೆ.)

ಪ್ರಶ್ನೆ: ಬೇಟೆಯ ದುಡ್ಡಿನಿಂದಲೇ ಐಬೆಕ್ಸ್ ಉಳಿದಿದೆ ಅಂತ ಓದಿದೆ. ಇದು ಬೆಕ್ಕಿಗೆ ಹಾಲು ಕಾಯಲು ಬಿಟ್ಟ ಹಾಗಲ್ಲವೇ?
(ಬೇಲೂರಿನ ಓದುಗರು)

ನಗು ಬಂತು, ಆದರೆ ಬೆಕ್ಕು ಕಾಯ್ದದ್ದೂ ಉಂಟು. ಆಲ್ಪ್ಸ್‌ನಲ್ಲಿ ಐಬೆಕ್ಸ್‌ನ ಕೊಂಬು, ರಕ್ತ ಎಲ್ಲ ಔಷಧಿ ಅಂತ ಹೊಡೆದು ಹೊಡೆದು, 1800ರ ಸುಮಾರಿಗೆ ಇಟಲಿಯ ಗ್ರಾನ್ ಪಾರಾದಿಸೊ ಬೆಟ್ಟದಲ್ಲಿ ನೂರರಷ್ಟು ಉಳಿದಿದ್ದವು. 1821ರಲ್ಲಿ ಬೇಟೆ ನಿಷೇಧವಾಯಿತು. 1856ರಲ್ಲಿ ರಾಜ ಎರಡನೇ ವಿಕ್ಟರ್ ಎಮ್ಯಾನುಯೆಲ್ ಆ ಬೆಟ್ಟವನ್ನು ತನ್ನ ಸ್ವಂತ ಬೇಟೆಕಾಡು ಮಾಡಿಕೊಂಡ. ಕಳ್ಳಬೇಟೆಯವರನ್ನೇ ಗಾರ್ಡ್ ಕೆಲಸಕ್ಕೆ ಇಟ್ಟುಕೊಂಡ. ತಾನು ಹೊಡೆದ, ಬೇರೆಯವರಿಗೆ ಬಿಡಲಿಲ್ಲ. ಅವನ ಸಾರ್ ಕೋಟೆಯ ಗೋಡೆ ತುಂಬ ಐಬೆಕ್ಸ್ ಕೊಂಬಿನ ಅಲಂಕಾರ. ಆದರೂ ಸಂಖ್ಯೆ ಏರಿತು. ಸ್ವಿಟ್ಜರ್ಲೆಂಡಿನವರು ಮರಿ ಕೇಳಿದರೆ ಇಟಲಿಯ ರಾಜ ಕೊಡಲಿಲ್ಲ. 1906ರಲ್ಲಿ ಕಳ್ಳದಾರಿಯಲ್ಲಿ ಗಡಿ ದಾಟಿಸಿ ಸಾಕಿಕೊಂಡರು, 1911ರಲ್ಲಿ ಬೆಟ್ಟಕ್ಕೆ ಬಿಟ್ಟರು. ಇವತ್ತು ಆಲ್ಪ್ಸ್‌ನಲ್ಲಿ ಸುಮಾರು 50,000 ಇವೆ, ಎಲ್ಲವೂ ಆ ನೂರರ ಸಂತಾನ. ಪಾಕಿಸ್ತಾನದ ಗಿಲ್ಗಿಟ್-ಬಾಲ್ಟಿಸ್ತಾನದಲ್ಲಿ ಬೇಟೆ ಪರವಾನಗಿಯ ಹಣದಲ್ಲಿ ನೂರಕ್ಕೆ ಎಂಬತ್ತು ಹಳ್ಳಿಗೇ ಹೋಗುತ್ತದೆ. ಅಲ್ಲಿಯ ಮಾರ್ಖೋರ್ ಎಂಬ ಸುರುಳಿ ಕೊಂಬಿನ ಕಾಡುಮೇಕೆಗೆ ಒಂದು ಲಕ್ಷ ಡಾಲರ್ ದಾಟಿದ್ದೂ ಇದೆ.

ಹಾಗಂತ ನಮ್ಮಲ್ಲೂ ಶುರು ಮಾಡಿ ಅನ್ನಲಾರೆ. ಆ ನೂರರಲ್ಲಿ ಎಂಬತ್ತು ಹಳ್ಳಿಗೆ ಮುಟ್ಟಬೇಕು ಅಂದರೆ ಎಷ್ಟು ಕೈ ದಾಟಬೇಕು, ನೀವೇ ಯೋಚಿಸಿ. ಬೆಳೆಹಾನಿ ಪರಿಹಾರಕ್ಕೆ ಅಲೆದವನು ನಾನು. ಪಿನ್ ಕಣಿವೆಯಲ್ಲಿ ಹಿಮಚಿರತೆಯ ಊಟವೂ ಈ ಐಬೆಕ್ಸೇ. ಅದು ಕೊಂಬು ಅಳೆದು ಹೊಡೆಯುವುದಿಲ್ಲ.

ಪ್ರಶ್ನೆ: ಸ್ಪಿತಿ ದೂರ, ಉಸಿರೂ ಸಾಲದು. ಹತ್ತಿರದಲ್ಲಿ ಇಂಥದ್ದು ಏನಾದರೂ ನೋಡಬಹುದಾ?
(ನಿವೃತ್ತ ಶಿಕ್ಷಕಿ, ಕಡೂರು)

ಕೇರಳದ ಮುನ್ನಾರ್ ಹತ್ತಿರದ ಇರವಿಕುಲಂ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಮೇಡಂ. ರಾಜಮಲೆ ತನಕ ಇಲಾಖೆಯ ಬಸ್ಸೇ ಹೋಗುತ್ತದೆ, ಬೆಟ್ಟ ಹತ್ತುವ ಕಷ್ಟ ಇಲ್ಲ. ನೀಲಗಿರಿ ತಾರ್‌ಗಳು ರಸ್ತೆ ಪಕ್ಕಕ್ಕೇ ಬಂದು ಮೇಯುತ್ತವೆ. ಹಳೇ ಗಂಡುಗಳ ಬೆನ್ನ ಮೇಲೆ ಬೆಳ್ಳಗೆ ಪಟ್ಟೆ, ತಡಿ ಹಾಕಿದ ಹಾಗೆ. ಫೆಬ್ರವರಿ, ಮಾರ್ಚ್‌ನಲ್ಲಿ ಮರಿ ಹಾಕುವ ಕಾಲ ಅಂತ ಬಾಗಿಲು ಮುಚ್ಚಿರುತ್ತಾರೆ, ವಿಚಾರಿಸಿ ಹೊರಡಿ. ಮೊಮ್ಮಕ್ಕಳು ಬಿಸ್ಕತ್ತು ಕೊಡಲು ಕೈ ಚಾಚುತ್ತವೆ, ಆ ಕೈ ಹಿಡಿದುಕೊಳ್ಳಿ.